ಗಿಡ್ಡ ಬಾಗಿಲಿನ ನೂರ್ಜಿಭಾಯಿ

ವಿಮಾ ಕಚೇರಿಯ ವರ್ಗಾವಣೆ ನಮ್ಮನ್ನು ಸೂರತ್ತಿಗೆ ತಂದು ಹಾಕಿದ ಮೇಲೆ, ಆಟೋಗಳ ಹೊಗೆ ಸಾಕಾದಾಗಲೆಲ್ಲ ನಾನೂ ಹೆಂಡತಿ ಇಂದುಮತಿಯೂ ಅಣೆಕಟ್ಟಿನ ಹಿನ್ನೀರಿನ ಕಾಡಿಗೆ ಓಡುತ್ತಿದ್ದೆವು. ಅಲ್ಲಿ ವಸಾವಾ ಆದಿವಾಸಿಗಳೇ ನಡೆಸುವ ನಾಲ್ಕು ಗುಡಿಸಲುಗಳ ತಂಗುದಾಣಕ್ಕೆ ನೂರ್ಜಿಭಾಯಿಯೇ ಯಜಮಾನ, ಅಡುಗೆಯವ, ಅಂಬಿಗ. ಅವನ ಬಾಯಲ್ಲಿ ದಿನವಿಡೀ ಒಂದೇ ಮಾತು: “ಮಾಥುಂ ಸಂಭಾಳಜೋ”, ತಲೆ ಜೋಪಾನ. ಗುಡಿಸಲಿನ ಬಾಗಿಲುಗಳು ಎದೆಮಟ್ಟಕ್ಕಿದ್ದವು, ಸರಿ. ಆದರೆ ಈ ಮಾತನ್ನು ಅವನು ಮೊಣಕಾಲೆತ್ತರದ ಮಕ್ಕಳಿಗೂ ಹೇಳುತ್ತಿದ್ದ, ಒಳನುಗ್ಗುವ ಮೇಕೆಗೂ ಹೇಳುತ್ತಿದ್ದ, ಸರ್ಕಾರಿ ಜೀಪಿನಲ್ಲಿ ಬಂದ ಸಾಹೇಬರಿಗೆ ಮಾತ್ರ ಹಣೆ ಧಡ್ಡೆಂದ ಮೇಲೆ ಹೇಳುತ್ತಿದ್ದ. “ಬಾಗಿಲು ಎತ್ತರಿಸಬಾರದೇ, ಭಾಯಿ?” ಎಂದು ನಾನು ಹಣೆ ಉಜ್ಜಿಕೊಳ್ಳುತ್ತ ಸಿಡುಕಿದರೆ, “ನಮ್ಮ ಮನೆ ಹೀಗೇ ಇತ್ತು, ಸಾಹೇಬ್” ಎಂದು ನಾಗಲಿ ರೊಟ್ಟಿ ಮುಂದಿಡುತ್ತಿದ್ದ. “ಇದು ನಮ್ಮ ರಾಗೀನೇ ಕಣ್ರೀ!” ಎಂದು ಇಂದುಮತಿ ಪ್ರತಿ ಸಲವೂ ಹೊಸದಾಗಿ ಬೆರಗಾಗುವಳು. ನಿಮ್ಮೂರು ಯಾವುದು ಎಂದು ಕೇಳಿದರೆ “ಇಲ್ಲೇ ಹತ್ತಿರ” ಎನ್ನುವನು. ತೊಂಬತ್ತಾರರ ಚಳಿಗಾಲದಲ್ಲಿ ಮೊದಲ ಬಾರಿಗೆ ಅವನ ದೋಣಿ ಹತ್ತಿದೆವು. ಹಿನ್ನೀರಿನ ನಟ್ಟನಡುವೆ, ತಲೆಯ ಮೇಲೆ ಬರೀ ಆಕಾಶವಿರುವಲ್ಲಿ, ಅವನು ಹುಟ್ಟು ಎತ್ತಿಟ್ಟು, ಚಪ್ಪಲಿ ಕಳಚಿ, ಕತ್ತು ಬಗ್ಗಿಸಿ “ಮಾಥುಂ ಸಂಭಾಳಜೋ” ಎಂದ. ಇಂದುಮತಿ ನಕ್ಕುಬಿಟ್ಟಳು. “ಇಲ್ಲಿ ಎಲ್ಲಿಯ ಬಾಗಿಲು, ಭಾಯಿ?” ನೂರ್ಜಿಭಾಯಿ ನೀರನ್ನೇ ನೋಡಿದ. “ಕೆಳಗಿದೆ, ಬೆನ್. ನೀರು ಏರುತ್ತಿದೆ, ಬಾ ಅಂತ ಎಷ್ಟು ಕರೆದರೂ ನಮ್ಮವ್ವ ಹೊರಗೆ ಬರಲಿಲ್ಲ.”