ಒಂದೂಮುಕ್ಕಾಲು ಚಿಕ್ಕಮ್ಮನ ಕೋಸಿನ ಪಾತಿ

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಒಂದೂಮುಕ್ಕಾಲು. ಬೇರೆ ದರ್ಜಿಗಳು ತುಂಬುತೋಳಿನ ಅಂಗಿಗೆ ಎರಡು ಮೀಟರ್ ಬಟ್ಟೆ ಕೇಳಿದರೆ ಇವಳು ಒಂದೂಮುಕ್ಕಾಲು ಮೀಟರಿನಲ್ಲಿ ಮುಗಿಸುತ್ತಿದ್ದಳು. ಅದರಲ್ಲೂ ಒಂದು ಚೂರು ಉಳಿಸಿ ಜೇಬಿಗೆ ಮುಚ್ಚಳ ಹೊಲಿದು, "ಇದು ನನ್ನ ಕಡೆಯಿಂದ" ಎಂದು ಬೀಗುತ್ತಿದ್ದಳು. ಜೆರಾಕ್ಸ್ ಅಂಗಡಿಗೂ ಹಲ್ಲಿನ ಕ್ಲಿನಿಕ್ಕಿಗೂ ನಡುವೆ ಸಿಕ್ಕಿಕೊಂಡ ಅವಳ ಅಂಗಡಿಯಲ್ಲಿ ಒಂದು ಮಿಷನ್, ಒಂದು ಕಟಿಂಗ್ ಮೇಜು, ಗಿರಾಕಿಗೊಂದು ಸ್ಟೂಲು. ಬಾಗಿಲ ಬೆಳಕು ಹೆಗಲ ಮೇಲಿಂದ ಸೂಜಿಗೆ ಬೀಳಲಿ ಎಂದು ಮಿಷನ್ನನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. ಹಾಗೆ ಮೂವತ್ತೆರಡು ವರ್ಷ ಗೋಡೆ ನೋಡುತ್ತ ಕೂತಳು. ಪಕ್ಕದ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವವಳು ನಾನು. ಹಾಗಾಗಿ ಈ ಕಥೆಯ ಅರ್ಧ ಗೋಡೆಯಾಚೆಯಿಂದ ಕೇಳಿದ್ದು, ಇನ್ನರ್ಧ ಫೋನಿನಲ್ಲಿ.

ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಕಾಲೇಜು ಹುಡುಗಿಯೊಬ್ಬಳು ತಾನು ಹೊರದೇಶ ಸುತ್ತಿ ಬಂದ ಕಥೆ ಹೇಳಿದಳು. ಅಲ್ಲಿ ಸಾವಯವ ತೋಟಗಳಿವೆಯಂತೆ. ದಿನಕ್ಕೆ ಐದು ಗಂಟೆ ಕೆಲಸ ಮಾಡಿಕೊಟ್ಟರೆ ಊಟ, ಹಾಸಿಗೆ ಅವರದು. ಮಿಕ್ಕ ಹೊತ್ತು ಊರು ಸುತ್ತುವುದು ನಮ್ಮಿಷ್ಟ. ಚಿಕ್ಕಮ್ಮನ ಕಾಲು ಪೆಡಲ್ ಮೇಲೆ ನಿಂತೇ ಹೋಯಿತು.

"ಇಷ್ಟೇ ವಯಸ್ಸಾಗಿರ್ಬೇಕು ಅಂತೇನಾದ್ರೂ ಇದೆಯೇನಮ್ಮ?"

"ಬೆನ್ನು ಗಟ್ಟಿ ಇದ್ರೆ ಸಾಕು ಆಂಟಿ."

ಅಷ್ಟು ಸಾಕಾಯಿತು. ಐವತ್ತಾರು ವರ್ಷದ ನಮ್ಮ ಚಿಕ್ಕಮ್ಮನಿಗೆ ಹುಚ್ಚು ಹತ್ತಿತು. ಫೋನಿನಲ್ಲಿ ಆ ದೇಶದ ಭಾಷೆ ಕಲಿಯಲು ಶುರು ಮಾಡಿದಳು. ಸೊಂಟದ ಅಳತೆ ತೆಗೆಯುತ್ತ ಆ ಭಾಷೆಯಲ್ಲಿ "ರೈಲು ನಿಲ್ದಾಣ ಎಲ್ಲಿದೆ?" ಎಂದು ಗಟ್ಟಿಯಾಗಿ ಕೇಳಿದರೆ ಗಿರಾಕಿಗಳು ಕಕ್ಕಾಬಿಕ್ಕಿ. ನಮ್ಮಮ್ಮ, ಅಂದರೆ ಅವಳ ಅಕ್ಕ, ತಲೆ ಚಚ್ಚಿಕೊಂಡಳು.

"ಕುಂಡದಲ್ಲಿ ಒಂದು ಗಿಡ ಉಳಿಸ್ಕೊಳ್ಳೋಕಾಗಿಲ್ಲ ನಿನ್ನ ಕೈಲಿ. ಅಲ್ಲಿ ಹೋಗಿ ತೋಟ ಮಾಡ್ತೀಯಾ?"

"ಗೋಡೆ ನೋಡಿ ನೋಡಿ ಸಾಕಾಗಿದೆ ಅಕ್ಕ. ಒಂದು ಮೂರು ತಿಂಗಳು ಕೊನೆ ಕಾಣದ ನೆಲ ನೋಡ್ಬೇಕು. ಇನ್ನೇನೂ ಬೇಡ ನಂಗೆ."

ತೋಟದಿಂದ ಬಂದ ಪತ್ರದಲ್ಲಿ ಒಂದು ಷರತ್ತಿತ್ತು. ಮೊದಲ ಹತ್ತು ದಿನ ಪರೀಕ್ಷೆ. ಕೆಲಸ ಒಗ್ಗಿದರೆ ಮೂರು ತಿಂಗಳು ಇರಬಹುದು, ಇಲ್ಲದಿದ್ದರೆ ಬೇಸರವಿಲ್ಲದೆ ಹೊರಡಬೇಕು. ಅಮ್ಮ ಆ ಸಾಲನ್ನು ಎರಡು ಸಲ ಜೋರಾಗಿ ಓದಿ, "ಹನ್ನೊಂದನೇ ದಿನ ಬಾಗಿಲಲ್ಲಿ ನಿಂತಿರ್ತಾಳೆ, ಬರೆದಿಟ್ಕೋ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಆ ಕ್ಷಣದಿಂದ ಚಿಕ್ಕಮ್ಮ ಗೆಲ್ಲಲೇಬೇಕು ಎಂದು ನಾನೂ ಹಟ ಹಿಡಿದೆ.

ಹೋದಳು ಮಹಾರಾಯ್ತಿ! ಮೊದಲ ದಿನವೇ ವಿಡಿಯೋ ಕಾಲ್. ಫೋನನ್ನು ಉಲ್ಟಾ ಹಿಡಿದು ಓಡಾಡಿದ್ದರಿಂದ ನನಗೆ ಅರ್ಧ ಆಕಾಶ, ಅರ್ಧ ಅವಳ ಮೂಗು ಕಂಡಿತು. ಶೆಡ್ಡಿನ ಗೋಡೆಗುಂಟ ಅಳತೆಪ್ರಕಾರ ಸಾಲಾಗಿ ನಿಂತ ರಬ್ಬರ್ ಬೂಟುಗಳು, ಯಾರಿಗೆ ಯಾವ ಕೆಲಸ ಎಂದು ಬರೆದ ಬಿಳಿ ಬೋರ್ಡು, ಮಹಡಿ ಕೋಣೆಯಲ್ಲಿ ಮೂರು ಕಬ್ಬಿಣದ ಮಂಚ. ಒಂದು ಮಂಚ ಇವಳದು, ಇನ್ನೊಂದು ಎರಡನೇ ವರ್ಷ ಬಂದಿದ್ದ ನಿವೃತ್ತ ಟೀಚರದು, ಮೂರನೆಯದು ಖಾಲಿ. ಆ ಟೀಚರಿಗೆ ಇಂಗ್ಲಿಷ್ ಬರುತ್ತಿತ್ತು, ಚಿಕ್ಕಮ್ಮನಿಗೆ ಹರಕುಮುರುಕು ಬರುತ್ತಿತ್ತು. ಕಷ್ಟದ ಮಾತೆಲ್ಲ ಅವರ ಮೂಲಕ ದಾಟಬೇಕು. "ಗೊಬ್ಬರದ ಗಾಡಿ ತಳ್ಳಿದೆ ಕಣೇ! ಕೈ ನೋಡು, ಉಗುರೆಲ್ಲ ಮಣ್ಣು!" ಎಂದು ಉಗುರನ್ನು ಒಡವೆಯ ಹಾಗೆ ತೋರಿಸಿದಳು. ಅವಳ ದನಿ ಅಷ್ಟು ಎಳೆಯದಾಗಿ ಕೇಳಿದ್ದು ನಾನು ಅದೇ ಮೊದಲು.

ಎಡವಟ್ಟಾಗಿದ್ದು ನಾಲ್ಕನೇ ದಿನ. ಬೋರ್ಡಿನಲ್ಲಿ ಅವಳ ಪಾಲಿಗೆ ಎಲೆಕೋಸು ಬಂದಿತ್ತು. ಇನ್ನೂರ ನಲವತ್ತು ಸಸಿ, ಎರಡು ಉದ್ದನೆಯ ಪಾತಿ. ತೋಟದ ಯಜಮಾನಿ ಮೊಳದುದ್ದದ ಕೋಲು ಕೊಟ್ಟು, ಸಸಿಗೂ ಸಸಿಗೂ ನಡುವೆ ಇಷ್ಟು ಜಾಗ ಬಿಡಬೇಕೆಂದು ತೋರಿಸಿ ಪೇಟೆಗೆ ಹೋದಳು. ಚಿಕ್ಕಮ್ಮ ಎರಡು ಸಾಲನ್ನು ಕೋಲಿಟ್ಟೇ ನೆಟ್ಟಳು. ಆಮೇಲೆ ಎದ್ದು ನಿಂತು ನೋಡಿದ್ದೇ ತಪ್ಪಾಯಿತು. ನಾಲ್ಕು ಸಸಿಗಳ ನಡುವೆ ಅಷ್ಟಗಲ ಮಣ್ಣು ಸುಮ್ಮನೆ ಬಿದ್ದಿದೆ! ಹುಟ್ಟಿದಾಗಿನಿಂದ ಅಂಗೈಯಗಲ ಬಟ್ಟೆ ದಂಡ ಮಾಡದವಳು ಇದನ್ನು ಹೇಗೆ ಸಹಿಸಿಯಾಳು?

"ಅಲ್ಲೊಂದು ಅಂಗಿತೋಳು ಆರಾಮಾಗಿ ಕೂರುತ್ತಲ್ಲ ಅನ್ನಿಸ್ತು ಕಣೇ" ಎಂದಳು ಆಮೇಲೆ.

ಸಂದು ಕಂಡಲ್ಲೆಲ್ಲ ಒಂದೊಂದು ಸಸಿ ತೂರಿಸಿದಳು. ಇನ್ನೂರ ನಲವತ್ತೂ ಒಂದೇ ಪಾತಿಯಲ್ಲಿ ಮುಗಿದವು. ಇನ್ನೊಂದು ಪಾತಿ ಪೂರ್ತಿ ಉಳಿತಾಯ. ಅದನ್ನು ಕೈಯಿಂದ ಸವರಿ ನುಣ್ಣಗೆ ಮಾಡಿ, ಸೊಂಟಕ್ಕೆ ಕೈಯಿಟ್ಟು ಯಜಮಾನಿಯ ದಾರಿ ಕಾದಳಂತೆ, ಶಹಭಾಸ್‌ಗಿರಿ ಸಿಗುತ್ತದೆಂದು.

ಯಜಮಾನಿ ಬಂದು ನೋಡಿದಳು. ನೆಲಕ್ಕೆ ಕೂತು ಒಂದು ಸಸಿಯ ಸುತ್ತ ಎರಡೂ ತೋಳು ಬಳಸಿ ತೋರಿಸಿದಳು. ಬಲಿತ ಕೋಸು ಇಷ್ಟು ಹರಡುತ್ತದೆ. ಆ ತೋಳುಗಳ ಒಳಗೆ ಚಿಕ್ಕಮ್ಮ ನೆಟ್ಟ ಇನ್ನೂ ನಾಲ್ಕು ಸಸಿಗಳಿದ್ದವು. ಟೀಚರ್ ಉಳಿದದ್ದನ್ನು ತಿಳಿಸಿದರು. "ಅರ್ಧ ಸಸಿಗಳನ್ನ ಸಂಜೆಯೊಳಗೆ ಕಿತ್ತು ಇನ್ನೊಂದು ಪಾತಿಗೆ ಹಾಕ್ಬೇಕಂತೆ. ಎರಡು ಸಲ ನೆಟ್ಟರೆ ಅರ್ಧಕ್ಕರ್ಧ ಸಾಯುತ್ತವಂತೆ. ಎಷ್ಟು ಬದುಕುತ್ತವೋ ನೋಡಿ ನಿಮ್ಮ ವಿಷಯ ಮಾತಾಡ್ತಾರಂತೆ."

ಚಿಕ್ಕಮ್ಮ ಶೆಡ್ಡಿನ ಹಿಂದೆ ನಿಂತು ನನಗೆ ಫೋನ್ ಮಾಡಿದಳು. "ಅಕ್ಕನಿಗೆ ಹೇಳ್ಬೇಡ" ಎಂದಳು, ಮೂಗು ಒರೆಸಿಕೊಂಡಳು, ಇಟ್ಟಳು. ಕ್ಲಿನಿಕ್ಕಿನಲ್ಲಿ ನಾನು ಯಾರದೋ ಹೆಸರಿನ ಮುಂದೆ ಇನ್ನಾರದೋ ಹಲ್ಲುನೋವು ಬರೆದೆ.

ಆದರೆ ಕೆಲಸಕ್ಕೆ ಕೂತಾಗ ಅವಳಿಗೆ ಒಂದು ವಿಷಯ ಹೊಳೆಯಿತಂತೆ. ಮೂವತ್ತೆರಡು ವರ್ಷದಲ್ಲಿ ಹೊಲಿದಷ್ಟೇ ಬಿಚ್ಚಿದ್ದಾಳೆ ಅವಳು. ಬಿಗಿಯಾಯಿತು ಎಂದವರಿಗೆ, ದಪ್ಪಗಾದವರಿಗೆ, ಸಣ್ಣಗಾದೆವೆಂದು ಸುಳ್ಳು ಹೇಳಿದವರಿಗೆ. ನೂಲು ಎಲ್ಲಿ ಹಿಡಿದರೆ ಬಟ್ಟೆಗೆ ನೋವಾಗದೆ ಬರುತ್ತದೆ ಎಂಬುದು ಬೆರಳಿಗೇ ಗೊತ್ತು. ಅದೇ ಬೆರಳನ್ನು ಮಣ್ಣಿನೊಳಗೆ ಇಳಿಸಿ, ಬೇರಿನ ತುದಿ ಎಲ್ಲಿದೆ ಎಂದು ಹುಡುಕಿ, ಮಣ್ಣಿನ ಮುದ್ದೆ ಒಡೆಯದ ಹಾಗೆ ಒಂದೊಂದನ್ನೇ ಎತ್ತಿದಳು. ಈ ಸಲ ಪ್ರತಿ ಸಸಿಗೂ ಕೋಲಿಟ್ಟಳು. ನೂರಿಪ್ಪತ್ತು ಸಸಿ! ಕೊನೆಯದಕ್ಕೆ ನೀರು ಹನಿಸಿ ಏಳುವಾಗ ಬೆನ್ನು ನೆಟ್ಟಗಾಗಲಿಲ್ಲವಂತೆ. ಬಗ್ಗಿಕೊಂಡೇ ಮಹಡಿ ಹತ್ತಿದಳು.

ಆಮೇಲಿನ ಆರು ದಿನ ನಮ್ಮಿಬ್ಬರಿಗೂ ಅನ್ನ ನೀರು ರುಚಿಸಲಿಲ್ಲ. ಅವಳು ಎದ್ದವಳೇ ಪಾತಿಗೆ ಓಡುವಳು, ಅಲ್ಲಿಂದಲೇ ಫೋನ್. "ಇವತ್ತು ಎರಡು ಬಾಡಿವೆ." "ಇವತ್ತು ಒಂದು ಹೋಯ್ತು, ಪಾಪದ್ದು." "ಇವತ್ತು ಎಲ್ಲ ತಲೆ ಎತ್ತಿವೆ ಕಣೇ, ಹೊಸ ಎಲೆ ಬಿಟ್ಟಿವೆ!" ಕಾಯುತ್ತಿದ್ದ ರೋಗಿಗಳಿಗೂ ವಿಷಯ ಗೊತ್ತಾಗಿ, ದವಡೆ ಹಿಡಿದುಕೊಂಡೇ "ಕೋಸು ಹೇಗಿದೆ?" ಎನ್ನುವರು. ಹತ್ತನೇ ದಿನದ ಹೊತ್ತಿಗೆ ಸತ್ತದ್ದು ಏಳು. ಏಳೇ ಏಳು!

ಅದೇ ಬೆಳಗ್ಗೆ ಗೇಟಿನಲ್ಲಿ ಹೊಸಬರಿಬ್ಬರು ಬಂದು ಇಳಿದರು, ಅಕ್ಕತಂಗಿಯರು, ಬೆನ್ನಿಗೆ ದೊಡ್ಡ ದೊಡ್ಡ ಚೀಲ. ಚಿಕ್ಕಮ್ಮ ಮಹಡಿ ಕಿಟಕಿಯಿಂದ ನೋಡಿದಳು. ಖಾಲಿ ಇರುವುದು ಒಂದೇ ಮಂಚ, ಬಂದವರು ಇಬ್ಬರು. ಯಜಮಾನಿ ಇನ್ನೂ ಒಂದು ಮಾತೂ ಹೇಳಿಲ್ಲ. ಚಿಕ್ಕಮ್ಮನಿಗೆ ಎಲ್ಲ ಅರ್ಥವಾಗಿ ಹೋಯಿತು. ಯಾರಿಂದಲೂ ಹೇಳಿಸಿಕೊಳ್ಳಬಾರದೆಂದು ತಾನೇ ಹಾಸಿಗೆಯ ಬಟ್ಟೆ ತೆಗೆದು ಮಡಿಸಿ, ಚೀಲ ತುಂಬಿ, ಹೆಗಲಿಗೇರಿಸಿಕೊಂಡು ಕೆಳಗಿಳಿದಳು.

ಯಜಮಾನಿ ಆ ಇಬ್ಬರನ್ನೂ ಎರಡನೇ ಪಾತಿಯ ಮುಂದೆ ನಿಲ್ಲಿಸಿಕೊಂಡಿದ್ದಳು. ಚಿಕ್ಕಮ್ಮನನ್ನು ಕಂಡು ಬಂದು ಕೈ ಹಿಡಿದಳು; ಆ ಕೈಯನ್ನು ತಿರುಗಿಸಿ ಹುಡುಗಿಯರಿಗೆ ತೋರಿಸಿ ಏನೋ ಹೇಳಿದಳು. ಚಿಕ್ಕಮ್ಮನಿಗೆ ತಿಳಿದದ್ದು "ಮೂರು ತಿಂಗಳು" ಅನ್ನುವುದು ಮಾತ್ರ. ಅವಳು ಟೀಚರ ಮುಖ ನೋಡಿದಳು.

"ಸಸಿ ಕೀಳೋದು, ನೆಡೋದು ಈ ಕೈ ನೋಡಿ ಕಲೀರಿ ಅಂತಿದ್ದಾರೆ. ನೀವು ಮೂರು ತಿಂಗಳೂ ಇಲ್ಲೇ ಇರ್ತೀರಂತೆ. ಇವರಿಬ್ಬರಿಗೆ ಶೆಡ್ಡಿನ ಹಿಂದಿನ ಕೋಣೆ. ಅದಿರ್ಲಿ, ಚೀಲ ಯಾಕೆ ಹೊತ್ಕೊಂಡಿದ್ದೀರಿ?"

ನನ್ನ ಫೋನಿನಲ್ಲಿ ಮೊದಲು ಬಂದದ್ದು ಬರೀ ಕಿರುಚಾಟ. "ಮೂರು ತಿಂಗಳು ಕಣೇ! ಮೂರೂ ತಿಂಗಳು!" ನಾನೂ ಕೂಗಿದೆ, ಡಾಕ್ಟರು ಕೈಗವಸಿನಲ್ಲೇ ಹೊರಗೆ ಬಂದರು. ಆಮೇಲೆ ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಇಬ್ರು ಕಲಿಯೋಕೆ ಕೂತಿದ್ದಾರೆ ಕಣೇ, ನನ್ನ ಮುಂದೆ. ಎಲ್ಲಿಂದ ಶುರು ಮಾಡ್ಲಿ?"

ನಾನು ಹತ್ತನೇ ಕ್ಲಾಸ್ ಮುಗಿಸಿದ ರಜೆಯಲ್ಲಿ ಅವಳು ನನ್ನನ್ನು ಮಿಷನ್ ಮುಂದೆ ಕೂರಿಸಿ, "ಬಾ, ಕಲಿಸ್ತೀನಿ" ಎಂದಿದ್ದಳು. ಬೇಡ ಅಂದಿದ್ದೆ. ಆಮೇಲೆ ಅವಳ ಕೈ ನೋಡಿ ಕಲಿಯಲು ಆ ಅಂಗಡಿಗೆ ಒಬ್ಬರೂ ಬರಲಿಲ್ಲ. ನನಗೆ ಅಳು ಬಂತು, ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

"ಬಿಚ್ಚೋದ್ರಿಂದ ಶುರು ಮಾಡು ಚಿಕ್ಕಮ್ಮ" ಎಂದೆ.

"ಹೌದಲ್ವಾ!" ಎಂದವಳು, ಬರ್ತೀನಿ ಅಂತಲೂ ಹೇಳದೆ ಫೋನ್ ಇಟ್ಟಳು.