ಎತ್ತದೆ ಬಿಟ್ಟ ಸೊಲ್ಲು

ಡೊಳ್ಳಿನ ಹಾಡಿನಲ್ಲಿ ಮುಂದೆ ಹಾಡುವವನಿಗೆ ಬೆನ್ನ ಹಿಂದೆ ಒಬ್ಬ ಬೇಕೇ ಬೇಕು. ಮುಂದಿನವನು ಸಾಲನ್ನು ಎಳೆದು ತುದಿ ಮುಟ್ಟಿಸುತ್ತಾನೆ. ಹಿಂದಿನವನು ಅಲ್ಲಿಂದ ಸೊಲ್ಲು ಎತ್ತುತ್ತಾನೆ, ಅಂದರೆ ಆ ಕೊನೆಯ ಮಾತನ್ನು ತನ್ನ ದನಿಯಲ್ಲಿ ಹೊತ್ತುಕೊಳ್ಳುತ್ತಾನೆ. ಅಷ್ಟರಲ್ಲಿ ಮುಂದಿನವನು ಉಸಿರು ತೆಗೆದುಕೊಳ್ಳಬೇಕು. ಯಾವಾಗ ಎತ್ತಬೇಕು ಎಂಬುದನ್ನು ಅಪ್ಪ ಕುರಿಹಟ್ಟಿಯಲ್ಲಿ ನನಗೆ ಹೇಳಿಕೊಟ್ಟಿದ್ದು ಇಷ್ಟೇ: "ಬಾಯಿ ನೋಡಬ್ಯಾಡ, ಹೆಗಲು ನೋಡು. ಉಸಿರು ಮುಗ್ಯಾಕ ಬಂತಂದ್ರ ಹೆಗಲು ಏಳತೈತಿ."

ನಾನು ಶಾಲೆಗೆ ಹೋದದ್ದು ಕಡಿಮೆ. ಕುರಿ ಹಿಂದೆ ಹೋದದ್ದೇ ಹೆಚ್ಚು. ಆದರೆ ತಮ್ಮನ ಹೆಗಲಿನ ವಿಷಯದಲ್ಲಿ ನನ್ನ ಕಣ್ಣು ಎಂದೂ ತಪ್ಪಲಿಲ್ಲ. ಅವನು ಮುಂದೆ, ನಾನು ಹಿಂದೆ. ಹೊರ್ತಿ ಸುತ್ತಿನ ಊರುಗಳಲ್ಲಿ ನಮ್ಮ ಮೇಳ ಕೂತರೆ ಜನ ಬೆಳಗಿನ ತನಕ ಏಳುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಮ್ಮ ಡಿಜೆ ಹಾಡಿನ ಕಡೆ ಹೋದ. ಮೊಬೈಲಿನಲ್ಲಿ, ಮದುವೆ ಮೆರವಣಿಗೆಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಅವನದೇ ದನಿ. ಅವನ ಜೊತೆ ಫೋಟೊ ತೆಗೆಸಿಕೊಳ್ಳಲು ದೇವಣಗಾಂವದಿಂದ ಹುಡುಗರು ಬೈಕು ಹತ್ತಿ ಬಂದರು. ಮುಂದೆ ಹಾಡುವವನೇ ಇಲ್ಲವಾದಾಗ ಮೇಳ ಒಡೆಯಿತು. ಡೊಳ್ಳು ತೊಲೆಗೆ ತೂಗುಬಿತ್ತು, ಇಲಿ ಅದರ ಚರ್ಮ ಕಡಿಯಿತು. ಅವನಿಗೆ ನಾನು ಏನೂ ಅನ್ನಲಿಲ್ಲ. ಅಂದಿದ್ದರೆ ಮುಂದಿನದು ಆಗುತ್ತಿರಲಿಲ್ಲವೋ ಏನೋ.

ಕಳೆದ ವರ್ಷ ಜೋಳಕ್ಕೆ ತೆನೆ ಬರುವ ಹೊತ್ತಿಗೆ ಅವನೇ ಹಟ್ಟಿಗೆ ಬಂದ.

"ಅಣ್ಣಾ, ಅಪ್ಪನ ಹಾಡು ಅಷ್ಟೂ ಸೇರಿಸಿ ಒಂದು ಆಲ್ಬಮ್ ಮಾಡಾಕತ್ತೇನಿ. ನೀ ಹಿಂದ ಕುಂಡ್ರಬೇಕು."

"ನಿನ್ನ ದನಿ ತಿದ್ದೂ ಮಶಿನ್ ಐತಲ್ಲ, ಅದರ ಕೂಡ ಹಾಡು."

"ಮಶಿನ್ನಿಗೆ ಹೆಗಲು ನೋಡಾಕ ಬರತೈತೇನು?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಮಶಿನ್ ತಗದ್ರ ಇವಗ ದನೀನ ಇಲ್ಲ ಅಂತಾರ ಮಂದಿ. ಇದೊಂದು ನೆಟ್ಟಗ ಆಗ್ಲಿ, ಆ ಡಿಜೆ ಬಿಟ್ಟಬಿಡ್ತೇನಿ. ಮತ್ತ ಮೇಳ ಕಟ್ಟೂಣು."

ನನಗೆ ಬೇಕಾಗಿದ್ದ ಮಾತೇ ಅದು. ರೆಕಾರ್ಡಿಂಗಿಗೆಂದು ಸಿಂದಗಿಗೆ ಹೋದೆ.

ಅದೊಂದು ಸಣ್ಣ ಕೋಣೆ, ಗೋಡೆಗೆಲ್ಲ ಮೆತ್ತೆ ಬಡಿದಿದ್ದರು. ಒಂದೇ ಸಲ ಹಾಡುವುದು, ಎಲ್ಲೂ ಕತ್ತರಿಸುವುದಿಲ್ಲ ಎಂದು ತಮ್ಮ ಮೊದಲೇ ಹೇಳಿದ. ರೆಕಾರ್ಡಿಂಗ್ ಮಾಡುವವನು ನನ್ನ ಕಡೆ ಕೈ ಮಾಡಿದ.

"ಕಾಕಾ, ಹಿಂದ ಸರೀರಿ. ನಿಮ್ಮ ದನಿ ಭಾಳ ಆಗಾಕತ್ತೈತಿ."

ಸರಿದೆ.

"ಇನ್ನೂ ಸರೀರಿ."

ಬೆನ್ನು ಗೋಡೆಗೆ ತಾಗಿತು. "ಇನ್ನೂ ಸರದ್ರ ಇಂಡಿ ಊರಾಗ ಹೋಗಿ ಬೀಳ್ತೇನಿ ನೋಡಪಾ" ಅಂದೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. "ನಮ್ಮಣ್ಣಂದು ಕುರಿ ಹೊಡಿಯೂ ದನಿ. ಅವಗ ಮೈಕ್ ಯಾಕ್ರಿ?"

ಹೊಗಳಿಕೆಯೇ ಇದ್ದೀತು. ನನಗೆ ಹಾಗೆ ಕೇಳಿಸಲಿಲ್ಲ. ಇಷ್ಟು ವರ್ಷ ತೊಲೆಗೆ ತೂಗುಬಿದ್ದವನು ನಾನೇ ಅನ್ನಿಸಿತು.

ಕಳೆದುಹೋದ ಮರಿಯನ್ನು ಹುಡುಕಿಕೊಂಡು ಹೋಗುವ ಹಾಡು ಅದು, ಅಪ್ಪನದು. ಮೂರನೆಯ ನುಡಿಯಲ್ಲಿ ದನಿ ಗುಡ್ಡ ಹತ್ತಿದ ಹಾಗೆ ಮೇಲೆ ಹೋಗುತ್ತದೆ. ತಮ್ಮ ಹತ್ತಿದ. ತುದಿಯಲ್ಲಿ ಅವನ ಹೆಗಲು ಎದ್ದಿತು. ನಾನು ನೋಡಿದೆ. ನೋಡಿಯೂ ಬಾಯಿ ಮುಚ್ಚಿಕೊಂಡು ಕೂತೆ.

ಅವನು ನನಗಾಗಿ ಕಾಯುತ್ತ ಆ ಮಾತನ್ನು ಎಳೆದ. ಇನ್ನೂ ಎಳೆದ. ದನಿ ತೆಳ್ಳಗಾಗಿ, ನಡುಗಿ, ಕಡೆಗೆ ಒಡೆಯಿತು. ಆಗ ಸೊಲ್ಲು ಎತ್ತಿದೆ, ಏನೂ ಆಗದವನಂತೆ. ಅವನು ಅರ್ಧ ಹೊರಳಿ ನನ್ನನ್ನು ನೋಡಿ ಮುಂದೆ ಹಾಡಿದ.

"ಅದೊಂದು ಜಾಗಾ ಕತ್ತರಿಸಿ ಸರಿ ಮಾಡ್ತೇನ್ರಿ" ಎಂದ ರೆಕಾರ್ಡಿಂಗಿನವನು. ತಮ್ಮ ಬೇಡವೆಂದ. ನನ್ನನ್ನು ಹೊರಗೆ ಕರೆದೊಯ್ದು ಚಹಾ ಕೊಡಿಸಿದ.

"ಅಣ್ಣಾ, ಕೆಮ್ಮು ಬಂದಿತ್ತೇನು?"

ಎಲ್ಲ ಗೊತ್ತಿದ್ದೇ ಕೇಳಿದ. ತಪ್ಪಿಸಿಕೊಳ್ಳಲು ನನಗೆ ದಾರಿ ಮಾಡಿಕೊಟ್ಟ.

"ಹೂಂ" ಅಂದೆ.

"ಮತ್ತೊಮ್ಮೆ ಹಾಡೂಣೇನು?"

"ನನಗ ಆಗೂದಿಲ್ಲ. ಕುರಿ ಬಿಟ್ಟು ಬಂದೇನಿ."

ಕುರಿಗಳನ್ನು ನೋಡಿಕೊಳ್ಳಲು ಭಾವಮೈದುನ ಇದ್ದ. ತಮ್ಮನಿಗೆ ಅದೂ ಗೊತ್ತಿತ್ತು.

ಹಾಡು ವಿಡಿಯೋ ಸಮೇತ ಇದ್ದ ಹಾಗೆಯೇ ಹೊರಗೆ ಬಂತು. ಮಸೂತಿ ಊರಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕೂತಾಗ ಎದುರು ಸಾಲಿನಿಂದ ಒಬ್ಬ ಕೂಗಿದ: "ಡಿಜೆಕ್ಕ ಹುಲಿ, ಡೊಳ್ಳಿಗೆ ಇಲಿ!" ಪಂಕ್ತಿಯೆಲ್ಲ ನಕ್ಕಿತು. ತಪ್ಪು ನನ್ನದೆಂದು ಹೇಳಲು ಒಳ್ಳೆಯ ಜಾಗ ಅದು. ತಲೆ ಬಗ್ಗಿಸಿ ಹುಗ್ಗಿ ಉಂಡೆ.

ಆ ವಿಡಿಯೋದಲ್ಲಿ ಅವನ ಹೆಗಲು ಏಳುವುದು ಚೆನ್ನಾಗಿ ಕಾಣುತ್ತದೆ. ನಾನು ಕಾಣುವುದಿಲ್ಲ. ಗೋಡೆಗೆ ಸರಿದಿದ್ದೆನಲ್ಲ.

ಉಳಿದ ಹಾಡುಗಳನ್ನು ಅವನು ಹಾಡಲಿಲ್ಲ. ತಿರುಗಿ ಡಿಜೆಗೇ ಹೋದ. ಈಗಲೂ ಫೋನ್ ಮಾಡುತ್ತಾನೆ. ಕುರಿ ಹೇಗಿವೆ, ಮೇವು ಐತೇನು ಎಂದು ಕೇಳುತ್ತಾನೆ. ಮೇಳದ ಮಾತು ತೆಗೆಯುವುದಿಲ್ಲ. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವನು "ಇಡ್ತೇನಿ ಅಣ್ಣಾ" ಅನ್ನುತ್ತಾನೆ.

ಮೊನ್ನೆ ಮುದ್ದೇಬಿಹಾಳದ ಸಂತೆಗೆ ಟಗರು ಮಾರಲು ಹೋಗಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಚಹಾದಂಗಡಿಯ ಮುಂದೆ ನಿಂತಿತ್ತು. ಅದರಲ್ಲಿ ಅವನ ಹೊಸ ಹಾಡು. ಉಸಿರು ಎಲ್ಲಿ ತೆಗೆದುಕೊಂಡಿದ್ದಾನೆ ಎಂದು ಕಿವಿಗೊಟ್ಟು ಕೇಳಿದೆ. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು, ಆಗಲೂ ಕೇಳಿದೆ. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು. ಮಶಿನ್ನು ಅವನ ಉಸಿರನ್ನೆಲ್ಲ ಕತ್ತರಿಸಿ ತೆಗೆದಿತ್ತು. ಹಿಂದೆ ಒಬ್ಬ ಕೂರುವಷ್ಟು ಜಾಗ ಅದರಲ್ಲಿ ಎಲ್ಲಿಯೂ ಇರಲಿಲ್ಲ.