ಏಳು ಮೊಳದ ದಾಳಿ

ಪಂಚಮಿ ಹಬ್ಬ ಇನ್ನೂ ಎಂಟು ದಿನ ಇತ್ತು. ಜೋಕಾಲಿ ಕಟ್ಟಾಕ ಹಗ್ಗ ತಗೊಂಡ ಬಾ ಅಂತ ನಮ್ಮವ್ವ ನನ್ನ ನವಲಗುಂದ ಸಂತಿಗೆ ಅಟ್ಟಿದ್ಲು. ಹಬ್ಬದ ಮುಂದ ನಮ್ಮ ಕಡೆ ಸಂತಿ ನೀವು ನೋಡೀರೋ ಇಲ್ಲೋ, ಒಂದ ಸಲ ನೋಡ್ರಿ. ಅರ್ಧ ಸಂತಿ ತುಂಬ ಬರೀ ಹಗ್ಗ. ಪುಂಡಿನಾರಿನ ಹಗ್ಗ, ಸುರುಳಿ ಮ್ಯಾಲೆ ಸುರುಳಿ. ಹಿಂದಿನ ದಿನ ಮಳಿ ಬಿದ್ದು ಎಲ್ಲಾ ಹಸೇ ಆಗಿದ್ವು. ಹಸೇ ಪುಂಡಿನಾರಿಂದ ಒಂದು ವಾಸನಿ ಬರತೈತಿ ನೋಡ್ರಿ, ಕೆರಿ ನೀರು, ದನದ ಕೊಟ್ಟಿಗಿ, ಹುಳಿ ಮಜ್ಜಿಗಿ ಮೂರೂ ಕೂಡಿಸಿದಾಂಗ. ಆ ವಾಸನಿ ಮೂಗಿಗೆ ಬಡದದ್ದ ತಡ, ನನ್ನ ಕಾಲು ಅಲ್ಲೇ ನಿಂತು ಬಿಟ್ಟವು.

"ಎಷ್ಟು ಮೊಳ ಕೊಡ್ಲಿ ಅಣ್ಣಾರ?" ಅಂದ ಅಂಗಡ್ಯಾಂವ.

"ಏಳು" ಅಂದುಬಿಟ್ಟೆ. ಯಾಕ ಅಂದೆ ಅಂತ ನನಗ ಗೊತ್ತಾಗೂದ್ರಾಗ ಅಂವ ನಕ್ಕ.

"ಏಳು ಮೊಳದಾಗ ಜೋಕಾಲಿ? ಬೆಕ್ಕಿನ ಮರಿ ಆಡಸಾಂವ ಏನ್ರಿ?"

ಬಾಜೂಕ ನಿಂತವ್ರೆಲ್ಲಾ ನಕ್ಕರು. ನಾ ನಗಲಿಲ್ಲ. ಏಳು ಮೊಳ ಅನ್ನೂದು ನನ್ನ ಜೀವನದಾಗ ಭಾಳ ದೊಡ್ಡ ಅಳತಿ. ಅದರ ಕತಿ ಹೇಳಬೇಕು ಅಂದ್ರ ಶಿವಲಿಂಗಪ್ಪ ಮಾಸ್ತರ ಕತಿ ಹೇಳಬೇಕಾಗತೈತಿ.

ಮಾಸ್ತರ ಅಂದ್ರ ಸಾಲಿ ಮಾಸ್ತರ ಅಲ್ಲ ಮತ್ತ. ಅಂವ ಅಣ್ಣಿಗೇರಿಯೊಳಗ ಹತ್ತಿ ಮಾರಿಸಿಕೊಡೂ ಅಡತಿ ಅಂಗಡಿಯೊಳಗ ತೂಕ ಮಾಡಾಂವ. ಆದ್ರ ಹುತುತು ಆಟ ಕಲಸಾಕ ಕುಂತ ಅಂದ್ರ ಸುತ್ತ ಹತ್ತು ಹಳ್ಳಿಯೊಳಗ ಅವನಂಥಾಂವ ಇನ್ನೊಬ್ಬ ಇರಲಿಲ್ಲ. ಕಬಡ್ಡಿ ಅನ್ನೂದು ಪೇಪರಿನ ಹೆಸರು, ನಾವು ಹುತುತು ಅಂತಿದ್ವಿ. ಹುಡುಗುರನ್ನ ತೂಕ ಮಾಡಾಕ ಅವಗ ತಕ್ಕಡಿ ಬೇಕಾಗಿರಲಿಲ್ಲ. ಬಗಲಾಗ ಕೈ ಹಾಕಿ ಒಮ್ಮೆ ಎತ್ತಿ ಇಳಸ್ತಿದ್ದ. "ಐವತ್ಮೂರು ಕಿಲೋ. ಎರಡು ಕಿಲೋ ನೀರ ಐತಿ, ಓಡಿಸಿದ್ರ ಹೋಗತೈತಿ" ಅಂತಿದ್ದ. ನನ್ನ ಮೊದ್ಲನೇ ಸಲ ಎತ್ತಿದಾಗ, "ಹತ್ತಿ ಚಲೋ ಐತಿ, ಕಾಳು ಬಾಳ ಅದಾವ" ಅಂದ. ನಾನು ಹೊಗಳಿದ ಅಂತ ಮಾಡಿದ್ದೆ. ಆಮ್ಯಾಲೆ ಗೊತ್ತಾತು, ಕಾಳು ಬಾಳ ಅಂದ್ರ ನೂಲು ಕಡಿಮಿ!

ಮಾಸ್ತರ ನಮ್ಮೂರಿಗೆ ಬಂದದ್ದು ತಂಗಿ ದೆಸಿಯಿಂದ. ತಂಗಿ ಗಂಗವ್ವನ್ನ ನಮ್ಮೂರಿಗೆ ಕೊಟ್ಟಿದ್ರು, ನಮ್ಮ ಮನಿ ಎದುರಿನ ಮನಿ. ತಂದಿ ತಾಯಿ ಇಲ್ಲ, ಇರೂದು ಅಣ್ಣ ತಂಗಿ ಇಬ್ಬರ. ಪಂಚಮಿಗೆ ಆಕಿನ್ನ ತವರಿಗೆ ಕರ್ಕೊಂಡು ಹೋಗಾಕ ಬಂದಾಗ, ನಾವು ಆಡೂದು ನೋಡಿ ಅವಗ ತಡೀಲಾಗಲಿಲ್ಲ. "ಏನಲೇ ಇದು, ಕುರಿ ಹಿಂಡಿನ್ಯಾಗ ನಾಯಿ ಹೊಕ್ಕಾಂಗ ಆಡತೀರಿ" ಅಂದು ಧೋತರ ಎತ್ತಿ ಕಟ್ಟಿದ. ಅವತ್ತ ಅವ್ರ ಬಸ್ ತಪ್ಪಿತು. ಗಂಗವ್ವ ಗಂಟು ಕಟಕೊಂಡು ಬಾಗಲದಾಗ ಕುಂತು, "ಇಂವ ನನ್ನ ಕರಿಯಾಕ ಬಂದಾನೋ, ಊರ ಹುಡುಗುರನ್ನ ಕರಿಯಾಕ ಬಂದಾನೋ" ಅಂತ ನಮ್ಮವ್ವನ ಮುಂದ ಬೈಕೋತ ಇದ್ಲು. ಬೈಯೂವಾಗ ಆಕಿ ಮಾರಿ ಮ್ಯಾಲೆ ಇದ್ದ ಜಂಬ ಇನ್ನೂ ನೆನಪೈತಿ.

ಮುಂದಿನ ಸುಗ್ಗಿ ಮುಗಿದ ಮ್ಯಾಲೆ ಗೌಡ್ರು ತಮ್ಮ ಕಣ ಬಿಟ್ಟುಕೊಟ್ರು. ರವಿವಾರಕ್ಕೊಮ್ಮೆ ಮಾಸ್ತರ ಅಣ್ಣಿಗೇರಿಯಿಂದ ಬರಾಕ ಹತ್ತಿದ. ಕಣದಾಗ ರಾಶಿ ಮಾಡೂವಾಗ ಎತ್ತು ಕಟ್ಟಾಕ ನಟ್ಟನಡುವ ಒಂದು ಕಂಬ ನೆಟ್ಟಿರತಾರಲ್ರಿ, ಮೇಟಿ ಅಂತ. ಎರೀ ಹೊಲದಾಗ ಅಂಥಾ ಸಪಾಟ ಜಾಗ ಬ್ಯಾರೆ ಸಿಗಾಂಗಿಲ್ಲ. ಸೆಗಣಿ ಸಾರಿಸಿ ಗಟ್ಟಿ ಮಾಡಿದ ನೆಲ, ಬಿದ್ರೂ ಮೊಣಕಾಲು ತರಚಾಂಗಿಲ್ಲ. ಮಾಸ್ತರ ಮೇಟಿ ಹಿಡದು ನಡುಗೆರಿ ಎಳದ. ಆಮ್ಯಾಲೆ ಪುಂಡಿನಾರಿನ ಹಗ್ಗ ತಂದು ಒಂದು ತುದಿ ಮೇಟಿಗೆ ಕಟ್ಟಿದ, ಇನ್ನೊಂದು ತುದಿ ನನ್ನ ನಡಕ್ಕ ಕಟ್ಟಿದ. ಅಳತಿ ಏಳು ಮೊಳ.

"ನಿನಗ ಹೋಗೂದು ಗೊತ್ತೈತಿ, ಬರೂದು ಗೊತ್ತಿಲ್ಲ" ಅಂದ. "ಎಲ್ಲಾರೂ ಮುಂದಿನಾಂವನ್ನ ಮುಟ್ಟೂ ಹುರುಪಿನ್ಯಾಗ ದಮ್ಮು ಮುಗಿಸಿ ಸಾಯ್ತೀರಿ. ಹಗ್ಗ ಜಗ್ಗಿತು ಅಂದ್ರ ತಿರಗಬೇಕು. ತಿಳೀತಿಲ್ಲೋ?"

ನೀವು ಹುತುತು ಆಡಿಲ್ಲಾಂದ್ರ ಒಂದು ಮಾತು ಹೇಳತೀನಿ. ದಾಳಿಗೆ ಹೋದಾಂವ ಆ ಕಡೆ ಅಂಗಳದಾಗಿನ ಒಂದು ಗೆರಿ ದಾಟಬೇಕು. ಯಾರನ್ನೂ ಮುಟ್ಟದ, ಗೆರೀನೂ ದಾಟದ ವಾಪಸ್ ಬಂದ್ರ ಔಟ್. ನಮ್ಮ ಕಣ ಸಣ್ಣದು, ಆ ಗೆರಿ ಮೇಟಿಯಿಂದ ಆರು ಮೊಳದ ಮ್ಯಾಲೆ ಇತ್ತು. ಏಳು ಮೊಳದ ಹಗ್ಗ ಜಗ್ಗೂದ್ರಾಗ ಗೆರಿ ದಾಟಿರತಿದ್ದೆ. ಪಂದ್ಯದಾಗ ಹಗ್ಗ ಇರತಿರಲಿಲ್ಲ, ಆದ್ರ ಕಾಲಿಗೆ ಏಳು ಮೊಳ ರೂಢಿ ಆಗಿತ್ತು. ಉಳಿದ ಊರವರೂ ತಮ್ಮ ತಮ್ಮ ಕಣದಾಗ ಆಡವರ. ಆವಾಗ ಊರಿಗೊಂದು ಅಳತಿ, ಯಾರು ಕೇಳವರು?

ಎರಡು ಬ್ಯಾಸಗಿ ನಾವು ಸೋತಿಲ್ಲ ನೋಡ್ರಿ. ಯಮನೂರಾಗ ಗೆದ್ವಿ, ಕುಂದಗೋಳ ಕಡೆ ಹೋಗಿ ಗೆದ್ದು ಬಂದ್ವಿ. ಅಡತಿಯೊಳಗ ಅರ್ಧ ಚೀಲ ಹತ್ತಿ ಹೆಚ್ಚು ಕಡಿಮಿ ತೂಗಿದ್ರ ಬೈಸ್ಕೊಳ್ಳಾಂವ, ನಮ್ಮೂರಾಗ ಇಳದ್ರ ಗೌಡ್ರ ಎದ್ದು ನಿಂತು "ಬರ್ರಿ ಮಾಸ್ತರ" ಅನ್ನಾವ್ರು. ಗಂಗವ್ವ ನೀರಿಗೆ ಹೋದ್ರ, ಮುಂದ ನಿಂತ ಹೆಣ್ಮಕ್ಕಳು "ಮಾಸ್ತರ ತಂಗಿ ಬಂದ್ಲು, ಜಾಗಾ ಬಿಡ್ರೆವ್ವಾ" ಅಂತಿದ್ರು. ಚಾಷ್ಟಿಗೆ ಅಂತಿದ್ರು, ಆದ್ರೂ ಜಾಗಾ ಬಿಡತಿದ್ರು.

ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಂತಲ್ರಿ, ಅದರ ಮುಂದಿನ ಬ್ಯಾಸಗಿ. ದುಮ್ಮವಾಡ ಕಡೆ ದೊಡ್ಡ ಪಂದ್ಯ ಇಟ್ಟಿದ್ರು. ಪುಸ್ತಕದ ನಿಯಮ, ಟೇಪ್ ಹಿಡದು ಅಳದ ಮೈದಾನ. ಮಾಸ್ತರ ಹತ್ತು ದಿನ ಮೊದ್ಲ ಹೋಗಿ ಅಳತಿ ನೋಡಿ ಬಂದು ನನಗ ಹೇಳಿದ, "ತಮ್ಮಾ, ಅಲ್ಲಿ ಗೆರಿ ಎಂಟು ಮೊಳದ ಮ್ಯಾಲೆ ಐತಿ. ಇವತ್ತಿನಿಂದ ಹಗ್ಗ ಬಿಚ್ಚು. ಸಾಲಿ ಮುಂದ ಹೊಸಾ ಗೆರಿ ಹೊಡದೀನಿ, ಅಲ್ಲೇ ಆಡ್ರಿ. ನನಗ ಹತ್ತಿ ಜೋರ ಐತಿ, ಪಂದ್ಯದ ದಿನ ಬರತೀನಿ."

ಹೇಳಿ ಹೋದ. ನಾನು ಸಾಲಿ ಮುಂದ ಒಂದು ದಿನ ಆಡಿದೆ. ಹಗ್ಗ ಇಲ್ಲದ ದಾಳಿಗೆ ಹೋದ್ರ ನಡಾ ಬರಿದು ಬರಿದು ಅನಸಾಕ ಹತ್ತಿತು. ಏಳು ಮೊಳ ದಾಟಿದ ಮ್ಯಾಲೆ ಎಲ್ಲಿ ತಿರಗಬೇಕು ತಿಳೀಲಿಲ್ಲ, ಮೂರು ಸಲ ಹೋಗಿ ಮೂರೂ ಸಲ ಸಿಕ್ಕೆ. ಹುಡುಗುರು ನಕ್ಕರು. ಮರುದಿನದಿಂದ ನಾನು ಮುಂಜಾನೆದ್ದು ಒಬ್ಬನ ಕಣಕ್ಕ ಹೋಗಿ ಮೇಟಿಗೆ ಕಟಗೊಂಡು ಆಡಾಕ ಹತ್ತಿದೆ. ಯಾರಿಗೂ ಹೇಳಲಿಲ್ಲ. ಹಗ್ಗ ಜಗ್ಗಿದಾಗ ಜೀವಕ್ಕ ಎಷ್ಟು ಹಗರ ಅನಸತಿತ್ತು ಅಂತೀರಿ! ಅಂಜಬುರಕಗ ಹಗ್ಗನ ತವರುಮನಿ.

ಪಂದ್ಯದ ದಿನ ಮಾಸ್ತರ ತಂದ ಹತ್ತಿ ಲಾರಿಯೊಳಗ ಊರಿಗೆ ಊರ ಬಂತು. ಕಡೀ ಆಟ, ಎರಡೂ ಕಡೆ ಸಮ ಸಮ. ನಾ ದಾಳಿಗೆ ಹೋದೆ. ಹುತುತುತು ಅನಕೋತ ಹೋದೆ, ಇನ್ನೇನು ಹಗ್ಗ ಜಗ್ಗತೈತಿ ಅನ್ನೂವಲ್ಲಿ ತಿರಗಿ ಓಡಿ ಬಂದೆ. ಪಂಚ ಸೀಟಿ ಊದಿದ. ಔಟ್. ಗೆರಿ ಇನ್ನೂ ಒಂದು ಮೊಳ ಮುಂದಿತ್ತು. ನಮ್ಮವ್ರು ಪಂಚನ ಮ್ಯಾಲೆ ಏರಿ ಹೋದ್ರು. ಆಮ್ಯಾಲೆ ಆ ಕಡೆಯಾಂವ ಒಬ್ಬನ್ನ ಔಟ್ ಮಾಡಿ ನನ್ನ ಒಳಗ ತಂದ್ರು, ಮತ್ತೊಮ್ಮೆ ನನ್ನ ಪಾಳಿ ಬಂತು. ಈ ಸಲ ದಾಟಬೇಕು ಅಂತ ಹಲ್ಲು ಕಚ್ಚಿ ಹೋದೆ. ಹಲ್ಲು ಕಚ್ಚಿದ್ದು ಬಾಯಿ, ತಿರಗಿದ್ದು ಕಾಲು. ಮತ್ತ ಅಲ್ಲೇ, ಅಗದಿ ಅದ ಜಾಗದಾಗ. ಆ ಕಡೆ ಮಂದಿಯೊಳಗಿಂದ ಯಾರೋ ಒದರಿದ, "ಏ, ಯಾರರ ಆ ಎತ್ತಿನ ಹಗ್ಗ ಬಿಚ್ಚರಲೇ!" ಮೈದಾನ ತುಂಬ ನಗಿ. ಸೋತ್ವಿ.

ಮರುದಿನ ಚಾವಡಿಯೊಳಗ ಊರವರು ಕೂಡಿದ್ರು. ಗೌಡ್ರು ಕೇಳಿದ್ರು, "ಮಾಸ್ತರ, ಈ ಹುಡುಗಗ ಹಗ್ಗ ಕಟ್ಟಿ ಕಲಿಸಿದವರು ನೀವಲ್ಲೇನ್ರಿ?"

"ಹೌದ್ರಿ."

"ಅಲ್ಲಿ ಅಳತಿ ಬ್ಯಾರೆ ಐತಿ, ಬಿಚ್ಚಬೇಕು ಅನ್ನೂದು ತಿಳೀಲಿಲ್ಲೇನು ನಿಮಗ?"

ಮಾಸ್ತರ ನನ್ನ ಕಡೆ ನೋಡಿದ. ನಾನು ಚಾವಡಿ ಕಲ್ಲಿನ್ಯಾಗ ಒಂದು ಇರುವಿ ಹೊಂಟಿತ್ತು, ಅದನ್ನ ನೋಡಿದೆ. ಹಗ್ಗ ಬಿಚ್ಚು ಅಂದದ್ದು ನಮ್ಮಿಬ್ಬರಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ, ನಾ ಬಾಯಿ ಬಿಟ್ರ ಮುಗೀತಿತ್ತು. ಬಿಡಲಿಲ್ಲ.

"ಕಲಿಸಿದಾಂವ ನಾನ್ರಿ. ತಪ್ಪೂ ನಂದ" ಅಂದು ಛತ್ರಿ ಬಗಲಾಗ ಇಟ್ಕೊಂಡು ಹೊಂಟ. ಹಿಂದಿಂದ ಯಾರೋ "ಹಗ್ಗದ ಮಾಸ್ತರ" ಅಂದ್ರು. ಆ ಹೆಸರ ಕಾಯಂ ಆತು.

ಆಮ್ಯಾಲೆ ಅವನ ಸುದ್ದಿ ಅಲ್ಲಿ ಇಲ್ಲಿ ಕೇಳ್ತಿದ್ದೆ. ಕಲಘಟಗಿ ಕಡೆ ಒಂದು ಊರವರು ಕರಕೊಂಡು ಹೋದ್ರಂತ. ಹಗ್ಗ ಇಲ್ಲದ ಕಲಿಸಿ ಎರಡು ವರ್ಷದಾಗ ಅವರನ್ನ ಮ್ಯಾಲೆ ತಂದಾನಂತ. ಮೆರವಣಿಗಿ ಮಾಡಿದ್ರಂತ. ಆಮ್ಯಾಲೆ ಅಲ್ಲಿ ಯಾರದೋ ಅಳಿಯ ಬಿಳೇ ಬೂಟು, ಕೊಳ್ಳಾಗ ಸೀಟಿ ಹಾಕ್ಕೊಂಡು ಬಂದ ಮ್ಯಾಲೆ, ಇವಗ "ನೀವು ಇನ್ನ ಕುಂತು ನೋಡ್ರಿ" ಅಂದ್ರಂತ. ಕುಂತು ನೋಡೂ ಪೈಕಿ ಅಲ್ಲ ಅಂವ, ವಾಪಸ್ ಅಣ್ಣಿಗೇರಿ ಸೇರಿದ.

ನಾನೂ ಈ ನಡುವ ಶ್ಯಾಣ್ಯಾ ಆಗಾಕ ಹೊಂಟಿದ್ದೆ. ಪೋಸ್ಟಿನ್ಯಾಗ ವಿ.ಪಿ.ಪಿ. ಮಾಡಿಸಿ ಕಬಡ್ಡಿ ನಿಯಮದ ಪುಸ್ತಕ ತರಿಸಿದೆ. ಬಿಚ್ಚಿ ನೋಡಿದ್ರ ಮರಾಠಿ. ಯಾರಿಗೂ ಕೇಳದ ಒಬ್ಬನ ಕುಂತು ಓದಿ ಓದಿ ಮರಾಠಿ ಕಲಿತೆ. ಆಮ್ಯಾಲೆ ಒಂದು ಲಗ್ನಕ್ಕ ಮಿರಜಿಗೆ ಹೋದಾಗ ಗೊತ್ತಾತು, ನನಗ ಮರಾಠಿಯೊಳಗ ಔಟ್ ಅನ್ನಾಕ ಬರತೈತಿ, ಕುಡಿಯಾಕ ನೀರು ಕೇಳಾಕ ಬರಾಂಗಿಲ್ಲ. ಆ ಪುಸ್ತಕದಾಗ ಎಲ್ಲಾ ಅಳತಿ ಅದಾವ್ರಿ. ನಾ ಮಾಡಿದ್ದರ ಅಳತಿ ಅದರಾಗೂ ಇರಲಿಲ್ಲ.

ಅದು ಇದ್ದದ್ದು ನನ್ನ ಕಣ್ಣ ಮುಂದ, ಎದುರಿನ ಗಂಗವ್ವನ ಮನಿಯಾಗ. ಆ ಪಂದ್ಯ ಆದ ವರ್ಷದ ಪಂಚಮಿಗೆ ಮಾಸ್ತರ ತಂಗೀನ್ನ ಕರಿಯಾಕ ಬರಲಿಲ್ಲ. ಅದರ ಮುಂದಿನ ವರ್ಷಾನೂ ಬರಲಿಲ್ಲ. ಐದು ಪಂಚಮಿ ಆತು. ಗಂಗವ್ವ ಮೈದುನನ್ನ ಕರ್ಕೊಂಡು ತಾನ ಬಸ್ ಹತ್ತಿ ಹೋಗ್ತಿದ್ಲು. "ಅಣ್ಣ ಬರಲಿಲ್ಲೇನ ಗಂಗವ್ವಾ?" ಅಂತ ಯಾರರ ಕೇಳಿದ್ರ, "ಅವಗ ಹತ್ತಿ ಕೆಲಸ ಬಾಳ ಐತೆವ್ವಾ" ಅಂತಿದ್ಲು. ಶ್ರಾವಣದಾಗ ಎಲ್ಲಿ ಹತ್ತಿ? ಆಗ ಇನ್ನೂ ಬೀಜ ಬಿತ್ತಿರಾಂಗಿಲ್ಲ. ಕೇಳಿದವರಿಗೂ ಗೊತ್ತು, ಹೇಳಿದಾಕಿಗೂ ಗೊತ್ತು. ನನಗಂತೂ ಎಲ್ಲಾರಗಿಂತ ಹೆಚ್ಚ ಗೊತ್ತು.

ಅದಕ್ಕ ಅವತ್ತು ಸಂತಿಯೊಳಗ ಹಗ್ಗದ ಅಂಗಡ್ಯಾಂವ ನಕ್ಕಾಗ ನಾನು ಹಗ್ಗ ತಗೊಳ್ಳಲಿಲ್ಲ. ಸೀದಾ ಹೋಗಿ ಅಣ್ಣಿಗೇರಿ ಬಸ್ ಹತ್ತಿದೆ.

ಅಡತಿ ಖಾಲಿ ಇತ್ತು. ಹಿಂದಿನ ಬಯಲಿನ್ಯಾಗ ಹದಿನೈದು ಇಪ್ಪತ್ತು ಹುಡುಗ್ಯಾರು ಪರಕಾರ ಎತ್ತಿ ಕಟಗೊಂಡು ಖೋ ಖೋ ಆಡಾಕ ಹತ್ತಿದ್ರು. ಒಂದು ಹಳೇ ಹತ್ತಿ ತುಂಬಿದ ಅಂಡಗಿ ಚೀಲದ ಮ್ಯಾಲೆ ಮಾಸ್ತರ ಕುಂತಿದ್ದ. ತಲಿ ಪೂರ್ತಿ ಬೆಳ್ಳಗಾಗಿತ್ತು. ನನ್ನ ನೋಡಿ ಗುರ್ತು ಹಿಡದ. "ಅರವತ್ತೆಂಟು ಕಿಲೋ" ಅಂದ, ಎತ್ತಿ ನೋಡದನ.

"ಹುಡುಗ್ಯಾರಿಗೆ ಕಲಸಾಕ ಹತ್ತೀರೇನ್ರಿ ಮಾಸ್ತರ?"

"ಹೂಂ. ಇವ್ರು ಹೇಳಿದ ಮಾತು ಕೇಳ್ತಾರ."

ನಾನು ನಿಂತ ನಿಲುವಿನ್ಯಾಗ ಹೇಳಿಬಿಟ್ಟೆ, "ನೀವು ಹೇಳಿದ ಮ್ಯಾಲೂ ನಾ ಹಗ್ಗ ಬಿಚ್ಚಿರಲಿಲ್ರಿ. ಕದ್ದು ಕಟಗೊಂಡು ಆಡಿದೆ."

"ಗೊತ್ತೈತಿ."

"ಹ್ಯಾಂಗ?"

"ಲಾರಿಯೊಳಗ ಅಂಗಿ ಬದಲ ಮಾಡಿದೆಲ್ಲ, ನಡದ ಮ್ಯಾಲೆ ಹಗ್ಗ ತಿಕ್ಕಿದ ಗಾಯ ಹಸೇದ ಇತ್ತು. ಹತ್ತು ದಿನದ ಹಿಂದಿನ ಗಾಯ ಹಾಂಗ ಇರಾಂಗಿಲ್ಲ ತಮ್ಮಾ."

"ಗೊತ್ತಿದ್ದೂ ನನ್ನ ಆಡಿಸಿದ್ರ್ಯಾ?"

"ಅದ ನೋಡು ನನ್ನ ತಪ್ಪು" ಅಂದ. "ನಿನ್ನ ಕೂಡಿಸಿದ್ರ ಊರ ಮುಂದ ಯಾಕ ಅಂತ ಹೇಳಬೇಕಾಗತಿತ್ತು. ದಾಟ್ತಾನ ಬಿಡು ಅಂತ ಮಾಡಿದೆ. ನಾ ಸುಳ್ಳು ಹೇಳಿಲ್ಲ ಚಾವಡಿಯೊಳಗ."

ಒಂದು ಹುಡುಗಿ ಬಿದ್ಲು. ಅಂವ ಕುಂತಲ್ಲಿಂದನ, "ಏಳ ಯವ್ವಾ, ನೆಲಾ ನಿಂದಲ್ಲ" ಅಂದ. ಆಕಿ ಎದ್ದು ಓಡಿದ್ಲು.

"ಗಂಗವ್ವಕ್ಕನ್ನ ಕರಿಯಾಕ ಯಾಕ ಬರವಲ್ರಿ?" ಅಂದೆ.

ಅಂವ ಅಂಡಗಿಯಿಂದ ಹೊರಗ ಬಂದ ಹತ್ತಿ ಒಳಗ ತುರುಕಿದ. ಆಮ್ಯಾಲೆ ಅಂದ, "ಚಾವಡಿ ಮುಂದ ಹಾದು ಬರಬೇಕಲ್ಲ. ನನಗ ಏನರ ಅನ್ಲಿ, ಅಡತಿಯೊಳಗ ದಿನಾ ಅನಸ್ಕೊಂತೀನಿ. ಆಕಿ ಗಂಟು ಹೊತಗೊಂಡು ನನ್ನ ಹಿಂದ ಬರೂವಾಗ ಅಂದ್ರ? ತವರಿಗೆ ಹೋಗೂ ಹೆಣ್ಮಗಳು ತಲಿ ಕೆಳಗ ಹಾಕಿ ಊರು ದಾಟಬೇಕೇನು?"

ಊರಿಗೆ ಬಂದೆ. "ಹಗ್ಗ ಎಲ್ಲಿ?" ಅಂದ್ಲು ನಮ್ಮವ್ವ. "ಮರತೆ" ಅಂದೆ. "ಸಂತಿಗೆ ಹೋಗೂದು ಹಗ್ಗಕ್ಕ, ಬರೂದು ಬರಿಗೈಲೆ, ನಿನ್ನ ಹಡಿಯೂ ಬದಲಿ..." ಅಂತ ಶುರು ಮಾಡಿದ್ಲು. ಅದು ಮುಗಿಯೂದ್ರಾಗ ನಾ ಚಾವಡಿಗೆ ಹೋಗಿದ್ದೆ.

ಮಳಿ ಇತ್ತು, ಊರ ಹಿರ್ಯಾರೆಲ್ಲಾ ಅಲ್ಲೇ ಇದ್ರು. ನಿಂತು ಎಲ್ಲಾ ಹೇಳಿದೆ. ಹಗ್ಗ ಬಿಚ್ಚು ಅಂದದ್ದು, ನಾ ಬಿಚ್ಚದ ಇದ್ದದ್ದು, ಮಾಸ್ತರ ನನ್ನ ಕಡೆ ನೋಡಿದ್ದು, ಎಲ್ಲಾ.

ಗೌಡ್ರು ಎಲಿ ಅಡಕಿ ಉಗುಳಿ ಕೇಳಿದ್ರು, "ಆವಾಗ ಯಾಕ ಹೇಳಲಿಲ್ಲಲೇ?"

"ಅಂಜಿಕಿ ಬಂತ್ರಿ."

"ಈಗ ಅಂಜಿಕಿ ಇಲ್ಲೇನು?"

"ಈಗೂ ಐತ್ರಿ."

ಯಾರೂ ನಗಲಿಲ್ಲ. ಬೈದಿದ್ರ ಚಲೋ ಇತ್ತು, ಬೈಯಲೂ ಇಲ್ಲ. ಒಬ್ಬ ಮುದುಕ ಮಾತ್ರ, "ಐದು ವರ್ಷ ಆ ಮನಶಾಗ ಏನೇನೆಲ್ಲಾ ಅಂದ್ವಿ" ಅಂದು ಟಾವೆಲ್ ಝಾಡಿಸಿ ಎದ್ದು ಹೋದ. ನಾ ಮನಿಗೆ ಬಂದು ಮಾಸ್ತರಗ ಒಂದು ಕಾರ್ಡು ಬರದೆ. "ಚಾವಡಿಯೊಳಗ ಹೇಳೀನಿ" ಅಂತ ಒಂದ ಸಾಲು. ಬರತಾನೋ ಇಲ್ಲೋ ಗೊತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಬಸ್ ಬಂತು. ಛತ್ರಿ ಇಳೀತು, ಹಿಂದ ಮಾಸ್ತರ ಇಳದ. ಧೋತರ ಒಂದು ಕೈಯಾಗ ಎತ್ತಿ ಹಿಡದು, ಕೆಸರಾಗ ಕಾಲು ನೋಡಿ ನೋಡಿ ಇಡಕೋತ ಚಾವಡಿ ಮುಂದ ಬಂದ. ಗೌಡ್ರು ಎದ್ದು ನಿಂತರು.

"ಬರ್ರಿ ಮಾಸ್ತರ. ಚಹಾ ಕುಡದು ಹೋಗೂವಂತ್ರಿ."

"ಹೋಗೂ ಮುಂದ ಕುಡೀತೀನ್ರಿ. ತಂಗಿ ಕೂಡ ಬರತೀನಿ, ಎರಡು ಕಪ್ಪು ಹೇಳಿರ್ರಿ" ಅಂದು ನಿಲ್ಲದ ನಡದ.

ನಾನು ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತಿದ್ದೆ. ಎದುರು ಬಾಗಲದಾಗ ಗಂಗವ್ವ ನಿಂತಿದ್ಲು. ಅಳತಾಳ ಅಂತ ಮಾಡಿದ್ದೆ. ಆಕಿ ಸೆರಗು ನಡಕ್ಕ ಸಿಗಿಸಿ, ಓಣಿಗೆಲ್ಲಾ ಕೇಳೂವಾಂಗ ಶುರು ಮಾಡಿದ್ಲು:

"ಎಷ್ಟೊತ್ತು ಕಾಯೂದು ಯಣ್ಣಾ? ಹಬ್ಬದ ಮನಿಯಾಗ ಕೆಲಸ ಇರಾಂಗಿಲ್ಲೇನು ನನಗ?"

ಮಾಸ್ತರ ಛತ್ರಿ ಮಡಚಿ, ಕಾಲಿನ ಕೆಸರು ಮೆಟ್ಟಲಿಗೆ ಒರಿಸಿ, ಸಣ್ಣ ದನಿಯೊಳಗ ಅಂದ:

"ಬಸ್ ತಡಾ ಆತವ್ವಾ."